ಜೈಲಿನಿಂದ ಹೊರಬರುವವರಿಗೆ ಓಪಿಯಾಯ್ಡ್ ವ್ಯಸನದ ಔಷಧ ಚಿಕಿತ್ಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹೆರಾಯಿನ್, ಬ್ರೌನ್ ಶುಗರ್, ಅಫೀಮು, ಫೆಂಟನಿಲ್, ಟ್ರಮಡಾಲ್‌ನಂತಹ ನೋವಿನ ಮಾತ್ರೆಗಳು ಎಲ್ಲವೂ ಓಪಿಯಾಯ್ಡ್ ಗುಂಪಿಗೆ ಸೇರಿದವು. ಇವುಗಳ ವ್ಯಸನಕ್ಕೆ ಪರಿಣಾಮಕಾರಿ ಔಷಧಗಳಿವೆ. ಆದರೆ ಜೈಲಿನ ಗೋಡೆ ಅಡ್ಡ ಬಂದ ಕೂಡಲೇ ಆ ಔಷಧಗಳ ಸರಪಳಿ ತುಂಡಾಗುತ್ತದೆ: ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಇನ್ನೊಮ್ಮೆ. ಬಿಡುಗಡೆಯಾಗುವವರು, ಅವರ ಮನೆಯವರು ಮತ್ತು ಅವರ ಜೊತೆ ಕೆಲಸ ಮಾಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಡೋಸ್ ನಿರ್ಧರಿಸುವುದು ವೈದ್ಯರ ಕೆಲಸ. ಇಲ್ಲಿರುವ ಅಂಕಿಗಳು ಅವರೊಡನೆ ತಿಳಿದು ಮಾತನಾಡಲು ಮಾತ್ರ.

ಆರು ತಿಂಗಳು ಒಳಗಿದ್ದು ಏನನ್ನೂ ಮುಟ್ಟಿಲ್ಲ. ಚಟ ಹೋದ ಹಾಗಲ್ಲವೇ?

ಅಲ್ಲ. ಆ ಆರು ತಿಂಗಳಲ್ಲಿ ಹೋಗಿರುವುದು ದೇಹದ ತಾಳುವ ಶಕ್ತಿ. ಚಟ ಹಾಗೆಯೇ ಇರಬಹುದು. ದಿನವೂ ಓಪಿಯಾಯ್ಡ್ ತೆಗೆದುಕೊಳ್ಳುವವರ ಮೆದುಳು ನಿಧಾನವಾಗಿ ಅದಕ್ಕೆ ಹೊಂದಿಕೊಳ್ಳುತ್ತದೆ. ಹೊಸಬನ ಉಸಿರು ನಿಲ್ಲಿಸಬಲ್ಲ ಪ್ರಮಾಣವೂ ಅವರನ್ನು ಅಷ್ಟಾಗಿ ಬಾಧಿಸುವುದಿಲ್ಲ. ಬಳಕೆ ನಿಂತ ಕೆಲವೇ ವಾರಗಳಲ್ಲಿ ಈ ಹೊಂದಾಣಿಕೆ ಕರಗಿಹೋಗುತ್ತದೆ. ಆದರೆ ನೆನಪು ಕರಗುವುದಿಲ್ಲ, ಆಸೆಯೂ ಕರಗುವುದಿಲ್ಲ. ಹಳೆಯ ಬೀದಿ, ಹಳೆಯ ಗೆಳೆಯ, ಕೈಗೆ ಬಂದ ಮೊದಲ ದುಡ್ಡು ಯಾವುದಾದರೂ ಆ ಆಸೆಯನ್ನು ಎಬ್ಬಿಸಬಹುದು. ಆಗ ಮನಸ್ಸು ಕೇಳುವುದು ಹಳೆಯ ಪ್ರಮಾಣವನ್ನೇ. ಅದನ್ನು ತಡೆದುಕೊಳ್ಳುವ ಹಳೆಯ ದೇಹ ಮಾತ್ರ ಈಗ ಇಲ್ಲ.

ಈ ಅಪಾಯ ಎಷ್ಟು ದೊಡ್ಡದು?

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1999ರ ಜುಲೈನಿಂದ 2003ರ ಡಿಸೆಂಬರ್ ನಡುವೆ ಸೆರೆಯಿಂದ ಬಿಡುಗಡೆಯಾದ ಮೂವತ್ತು ಸಾವಿರಕ್ಕೂ ಹೆಚ್ಚು ಜನರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಬಿಡುಗಡೆಯ ನಂತರದ ಮೊದಲ ಎರಡು ವಾರಗಳಲ್ಲಿ ಅವರ ಸಾವಿನ ಅಪಾಯ ಸಾಮಾನ್ಯ ಜನರಿಗಿಂತ ಸುಮಾರು 12.7 ಪಟ್ಟು ಹೆಚ್ಚಿತ್ತು. ಮಾದಕ ವಸ್ತುಗಳ ಓವರ್‌ಡೋಸ್‌ನಿಂದ ಸಾಯುವ ಅಪಾಯ 129 ಪಟ್ಟು. ಬಿಡುಗಡೆಯ ಬೆನ್ನಿಗೇ ಅಪಾಯ ಏರುವುದನ್ನು ಇತರ ದೇಶಗಳ ಅಧ್ಯಯನಗಳೂ ಕಂಡಿವೆ. ಹಾಗಾಗಿ ಈ ಪುಟದ ಹೆಚ್ಚಿನ ಉತ್ತರಗಳು ಆ ಎರಡು ವಾರಗಳ ಸುತ್ತಲೇ ತಿರುಗುತ್ತವೆ.

ಯಾವ ಯಾವ ಔಷಧಗಳಿವೆ?

ಮುಖ್ಯವಾಗಿ ಮೂರು. ಕೆಲಸ ಮಾಡುವ ರೀತಿಯಲ್ಲಿ ಒಂದಕ್ಕೊಂದು ಬಹಳ ಬೇರೆ.

ಮೆಥಡೋನ್ ಸ್ವತಃ ಓಪಿಯಾಯ್ಡ್. ಸಾಮಾನ್ಯವಾಗಿ ದಿನಕ್ಕೊಮ್ಮೆ ದ್ರವ ರೂಪದಲ್ಲಿ, ಆರಂಭದಲ್ಲಿ ಸಿಬ್ಬಂದಿಯ ಎದುರಿನಲ್ಲೇ ಕುಡಿಸುತ್ತಾರೆ. ರಕ್ತದಲ್ಲಿ ದೀರ್ಘಕಾಲ ಉಳಿಯುವುದರಿಂದ ಹೆರಾಯಿನ್‌ನ ಹಾಗೆ ಏರುವುದೂ ಇಲ್ಲ, ಧುಮುಕುವುದೂ ಇಲ್ಲ. ಇದನ್ನು ಅವಸರದಲ್ಲಿ ಹೆಚ್ಚಿಸುವಂತಿಲ್ಲ. ಒಂದು ಡೋಸ್‌ನ ಪೂರ್ಣ ಪರಿಣಾಮ ಗೊತ್ತಾಗಲು ಹಲವು ದಿನ ಬೇಕು. ಅಷ್ಟರಲ್ಲಿ ಡೋಸ್ ಏರಿಸುತ್ತಾ ಹೋದರೆ ಔಷಧ ಮೈಯಲ್ಲಿ ಶೇಖರವಾಗಿ ಉಸಿರು ಕುಗ್ಗಬಹುದು. ಮೊದಲ ದಿನದ ಪ್ರಮಾಣ ಸಾಮಾನ್ಯವಾಗಿ 30 ಮಿಲಿಗ್ರಾಂ ದಾಟುವುದಿಲ್ಲ. ತಾಳುವ ಶಕ್ತಿ ಕಳೆದುಕೊಂಡವರಿಗೆ ಇನ್ನೂ ಬಹಳ ಕಡಿಮೆಯಿಂದ ಆರಂಭಿಸುತ್ತಾರೆ. ಅನೇಕರು ಕೊನೆಗೆ 60ರಿಂದ 120 ಮಿಲಿಗ್ರಾಂ ನಡುವೆ ನೆಲೆ ನಿಲ್ಲುತ್ತಾರೆ. ಕೆಲವರಲ್ಲಿ ಹೃದಯ ಬಡಿತದ ಲಯವನ್ನು ಇದು ಕೆಡಿಸಬಲ್ಲದು. ಹೃದ್ರೋಗದ ಹಿನ್ನೆಲೆ ಇದ್ದರೆ ಇಸಿಜಿ ಮಾಡಿಸಬೇಕು.

ಬ್ಯೂಪ್ರೆನಾರ್ಫಿನ್ ಅರೆ ಓಪಿಯಾಯ್ಡ್. ಒಂದು ಮಟ್ಟದ ನಂತರ ಪ್ರಮಾಣ ಹೆಚ್ಚಿದರೂ ಉಸಿರಾಟದ ಮೇಲಿನ ಪರಿಣಾಮ ಅಷ್ಟಾಗಿ ಹೆಚ್ಚುವುದಿಲ್ಲ. ಆದ್ದರಿಂದ ಮೆಥಡೋನ್‌ಗಿಂತ ಸುರಕ್ಷಿತ. ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟು ಕರಗಿಸಬೇಕು. ನುಂಗಿದರೆ ಬಹುಪಾಲು ವ್ಯರ್ಥ. ಕರಗಿದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿ, ಒಂದು ಗಂಟೆ ಬಿಟ್ಟು ಹಲ್ಲುಜ್ಜುವುದು ಹಲ್ಲಿಗೆ ಕ್ಷೇಮ. ಮೆದುಳಿನ ಓಪಿಯಾಯ್ಡ್ ಗ್ರಾಹಕಗಳಿಗೆ ಇದು ಎಷ್ಟು ಬಿಗಿಯಾಗಿ ಅಂಟುತ್ತದೆಂದರೆ, ಅಲ್ಲಿ ಮೊದಲೇ ಕುಳಿತಿರುವ ಹೆರಾಯಿನ್ ಅನ್ನು ತಳ್ಳಿಹಾಕುತ್ತದೆ. ಮೈಯಲ್ಲಿ ಬೇರೆ ಓಪಿಯಾಯ್ಡ್ ಇರುವಾಗ ತೆಗೆದುಕೊಂಡರೆ ಒಮ್ಮೆಲೇ ತೀವ್ರ ವಿತ್‌ಡ್ರಾವಲ್ (ಮಾದಕ ವಸ್ತು ಸಿಗದಾದಾಗ ದೇಹ ಪಡುವ ಯಾತನೆ) ಉಂಟಾಗುವುದು ಇದರಿಂದಲೇ. ಹೆರಾಯಿನ್ ಬಳಸುತ್ತಿದ್ದವರು ಸಾಮಾನ್ಯವಾಗಿ 12ರಿಂದ 24 ಗಂಟೆ ಕಾದು, ಮೈ ನೋವು, ಮೂಗು ಸೋರುವುದು, ಆಕಳಿಕೆ ಶುರುವಾದ ಮೇಲೆ ಆರಂಭಿಸುತ್ತಾರೆ. ವಾರಕ್ಕೊಮ್ಮೆ ಅಥವಾ ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದಿನ ರೂಪವೂ ಇದೆ.

ನ್ಯಾಲ್ಟ್ರೆಕ್ಸೋನ್ ಓಪಿಯಾಯ್ಡ್ ಅಲ್ಲ, ಅದರ ತಡೆ. ಇದು ಕೆಲಸ ಮಾಡುತ್ತಿರುವಾಗ ಹೆರಾಯಿನ್ ತೆಗೆದುಕೊಂಡರೆ ಅಮಲು ಏರುವುದಿಲ್ಲ. ಆರಂಭಿಸುವ ಮೊದಲು 7ರಿಂದ 10 ದಿನ ಯಾವ ಓಪಿಯಾಯ್ಡ್ ಅನ್ನೂ ಮುಟ್ಟಿರಬಾರದು. ತಿಂಗಳಿಗೊಮ್ಮೆ 380 ಮಿಲಿಗ್ರಾಂ ಚುಚ್ಚುಮದ್ದಾಗಿ ಕೊಡುತ್ತಾರೆ.

ಹೆಸರು ಹೋಲುವ ನ್ಯಾಲೊಕ್ಸೋನ್ ಈ ಮೂರರಲ್ಲಿ ಸೇರುವುದಿಲ್ಲ. ಅದು ಓವರ್‌ಡೋಸ್ ಆದಾಗ ಜೀವ ಉಳಿಸುವ ತುರ್ತು ಔಷಧ. ಅದರ ಮಾತು ಕೆಳಗೆ ಬರುತ್ತದೆ.

ಒಂದು ಚಟ ಬಿಡಿಸಿ ಇನ್ನೊಂದನ್ನು ಹಚ್ಚಿದಂತಾಗಲಿಲ್ಲವೇ?

ಈ ಪ್ರಶ್ನೆಯನ್ನು ಮನೆಯವರು ಕೇಳಿದರೆ ಅರ್ಥವಾಗುತ್ತದೆ. ಜೈಲಿನ ವೈದ್ಯರೇ ಕೇಳಿದಾಗ ಬೇಸರವಾಗುತ್ತದೆ. ಮಧುಮೇಹಿಗೆ ದಿನವೂ ಇನ್ಸುಲಿನ್ ಬೇಕು. ಅದನ್ನು ಯಾರೂ ಚಟ ಎನ್ನುವುದಿಲ್ಲ. ವ್ಯಸನದ ಗುರುತು ಔಷಧದ ಮೇಲಿನ ಅವಲಂಬನೆಯಲ್ಲ. ಹಾನಿಯಾಗುತ್ತಿದ್ದರೂ ಬಿಡಲಾಗದಿರುವುದು, ಇಡೀ ದಿನ ಅದರ ಬೆನ್ನು ಹತ್ತಿರುವುದು, ಅದಕ್ಕಾಗಿ ಸಾಲ, ಸುಳ್ಳು, ಕಳವು ಎಲ್ಲಕ್ಕೂ ಇಳಿಯುವುದು ವ್ಯಸನ. ಸರಿಯಾದ ಡೋಸ್‌ನಲ್ಲಿ ಮೆಥಡೋನ್ ಅಥವಾ ಬ್ಯೂಪ್ರೆನಾರ್ಫಿನ್ ತೆಗೆದುಕೊಳ್ಳುವವರು ಮತ್ತಿನಲ್ಲಿ ತೂಗಾಡುವುದಿಲ್ಲ. ಎದ್ದು ಕೆಲಸಕ್ಕೆ ಹೋಗುತ್ತಾರೆ. ಡೋಸ್ ಹೊಂದಿಕೊಳ್ಳುವ ಮೊದಲ ದಿನಗಳಲ್ಲಿ ತೂಕಡಿಕೆ ಇದ್ದರೆ ವಾಹನ, ಯಂತ್ರಗಳಿಂದ ದೂರವಿರಬೇಕು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಇವೆರಡನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ.

ಹೊರಬಂದ ಮೇಲೆ ಆರಂಭಿಸಿದರೆ ಸಾಲದೇ? ಜೈಲಿನೊಳಗೇ ಏಕೆ?

ಹೊರಬಂದ ಮೊದಲ ವಾರದಲ್ಲಿ ಒಬ್ಬ ಮನುಷ್ಯ ಏನೇನು ಮಾಡಬೇಕಾಗುತ್ತದೆ ಎಂಬುದನ್ನು ಯೋಚಿಸಿ. ಮಲಗಲು ಜಾಗ ಹುಡುಕಬೇಕು, ಗುರುತಿನ ಚೀಟಿ ಮಾಡಿಸಬೇಕು, ಠಾಣೆಗೋ ನ್ಯಾಯಾಲಯಕ್ಕೋ ಹಾಜರಾಗಬೇಕು, ಮುಖ ತಿರುಗಿಸಿಕೊಂಡ ಬಂಧುಗಳನ್ನು ಒಲಿಸಬೇಕು. ಈ ಪಟ್ಟಿಯಲ್ಲಿ ಚಿಕಿತ್ಸಾ ಕೇಂದ್ರವನ್ನು ಹುಡುಕುವುದು ಯಾವಾಗಲೂ ನಾಳೆಗೆ ಉಳಿಯುವ ಕೆಲಸ. ಹಳೆಯ ಗೆಳೆಯ ಮಾತ್ರ ಇವತ್ತೇ ಸಿಗುತ್ತಾನೆ.

ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿದರು. ಸೆರೆಯಲ್ಲಿದ್ದ, ಹಿಂದೆ ಹೆರಾಯಿನ್ ಚಟವಿದ್ದ ಪುರುಷರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಒಳಗೆ ಆಪ್ತಸಮಾಲೋಚನೆ ಮಾತ್ರ ಕೊಟ್ಟರು. ಇನ್ನೊಂದಕ್ಕೆ ಅದರ ಜೊತೆಗೆ ಹೊರಬಂದಾಗ ಮೆಥಡೋನ್ ಕೇಂದ್ರದಲ್ಲಿ ಸೇರ್ಪಡೆಯ ವ್ಯವಸ್ಥೆ. ಮೂರನೆಯದಕ್ಕೆ ಒಳಗಿರುವಾಗಲೇ ಮೆಥಡೋನ್. 2009ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಬಿಡುಗಡೆಯ ನಂತರದ ಒಂದು ವರ್ಷದಲ್ಲಿ ಮೊದಲ ಗುಂಪಿನವರು ಚಿಕಿತ್ಸೆಯಲ್ಲಿ ಕಳೆದದ್ದು ಸರಾಸರಿ 23 ದಿನ. ಎರಡನೆಯವರು 91, ಮೂರನೆಯವರು 166.

ಜೀವ ಉಳಿಯುವ ಲೆಕ್ಕವೂ ಇದೆ. ಇಂಗ್ಲೆಂಡಿನ 39 ಜೈಲುಗಳಿಂದ ಹೊರಬಂದ ಹನ್ನೆರಡು ಸಾವಿರಕ್ಕೂ ಹೆಚ್ಚು ಜನರನ್ನು ಹಿಂಬಾಲಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಬಿಡುಗಡೆಯ ಹೊತ್ತಿಗೆ ಮೆಥಡೋನ್ ಅಥವಾ ಬ್ಯೂಪ್ರೆನಾರ್ಫಿನ್ ತೆಗೆದುಕೊಳ್ಳುತ್ತಿದ್ದವರಲ್ಲಿ ಮೊದಲ ನಾಲ್ಕು ವಾರಗಳ ಸಾವಿನ ಅಪಾಯ ಶೇ 75ರಷ್ಟು ಕಡಿಮೆಯಿತ್ತು. ಅಮೆರಿಕದ ರೋಡ್ ಐಲೆಂಡ್ ರಾಜ್ಯ 2016ರಲ್ಲಿ ತನ್ನ ಸೆರೆಮನೆಗಳಲ್ಲಿ ಮೂರೂ ಔಷಧಗಳನ್ನು ಒದಗಿಸತೊಡಗಿತು. 2016ರ ಮೊದಲ ಆರು ತಿಂಗಳಿಗೆ ಹೋಲಿಸಿದರೆ 2017ರ ಮೊದಲ ಆರು ತಿಂಗಳಲ್ಲಿ, ಇತ್ತೀಚೆಗೆ ಸೆರೆಯಲ್ಲಿದ್ದವರ ಓವರ್‌ಡೋಸ್ ಸಾವು ಶೇ 61ರಷ್ಟು ಇಳಿಯಿತು. ಇಂಗ್ಲೆಂಡಿನ ಅಧ್ಯಯನದಲ್ಲಿ ಮೊದಲ ತಿಂಗಳ ನಂತರ ಇಂತಹ ರಕ್ಷಣೆ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಒಳಗೆ ಆರಂಭಿಸಿದ್ದು ಹೊರಗೆ ಮುಂದುವರಿಯದಿದ್ದರೆ ಅರ್ಧ ಕೆಲಸವಷ್ಟೇ ಆಗಿರುತ್ತದೆ.

ಒಳಗೆ ಏನನ್ನೂ ಬಳಸದವರಿಗೂ ಕೊಡಬಹುದೇ?

ಕೊಡಬಹುದು. ಈಗ ದೇಹ ಅವಲಂಬಿತವಾಗಿಲ್ಲದಿದ್ದರೂ, ಹಿಂದೆ ತೀವ್ರ ವ್ಯಸನವಿದ್ದು ಮರುಕಳಿಸುವ ಸಾಧ್ಯತೆ ಹೆಚ್ಚಿದ್ದರೆ ಬಿಡುಗಡೆಗೆ ಕೆಲವು ವಾರ ಮೊದಲು ಸಣ್ಣ ಪ್ರಮಾಣದಲ್ಲಿ ಆರಂಭಿಸಿ ನಿಧಾನವಾಗಿ ಏರಿಸುತ್ತಾರೆ. ಬಾಲ್ಟಿಮೋರ್‌ನಲ್ಲಿ ಮಾಡಿದ್ದು ಇದನ್ನೇ.

ಹೊರಗಿದ್ದಾಗ ಮೆಥಡೋನ್ ತೆಗೆದುಕೊಳ್ಳುತ್ತಿದ್ದರು. ಜೈಲಿಗೆ ಹೋದ ದಿನವೇ ನಿಲ್ಲಿಸಿದರು. ಇದು ಸರಿಯೇ?

ಸರಿಯಲ್ಲ. ಯಾರದೇ ರಕ್ತದೊತ್ತಡದ ಮಾತ್ರೆಯನ್ನು ಜೈಲಿನ ಬಾಗಿಲಲ್ಲಿ ಕಿತ್ತುಕೊಂಡರೆ ಗದ್ದಲವಾಗುತ್ತದೆ. ಇಲ್ಲಿ ಮಾತ್ರ ಅದು ಶಿಸ್ತು ಎನಿಸಿಕೊಳ್ಳುತ್ತದೆ. ವಿತ್‌ಡ್ರಾವಲ್‌ನಿಂದ ಯಾರೂ ಸಾಯುವುದಿಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ. ನಿಲ್ಲದ ವಾಂತಿ, ಭೇದಿಯಿಂದ ನೀರಿನಂಶ ಬತ್ತಿ ಕೈದಿಗಳು ಸತ್ತ ಪ್ರಕರಣಗಳಿವೆ.

ನಿಲ್ಲಿಸಿದ್ದರ ಪರಿಣಾಮ ಬಿಡುಗಡೆಯ ನಂತರವೂ ಕಾಣುತ್ತದೆ. ರೋಡ್ ಐಲೆಂಡ್‌ನಲ್ಲೇ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಳಗೆ ಮೆಥಡೋನ್ ಮುಂದುವರಿಸಿದವರಲ್ಲಿ ಶೇ 96 ಮಂದಿ ಬಿಡುಗಡೆಯಾದ ಒಂದು ತಿಂಗಳೊಳಗೆ ಕೇಂದ್ರಕ್ಕೆ ಮರಳಿದರು. ಒತ್ತಾಯದಿಂದ ಇಳಿಸಿ ನಿಲ್ಲಿಸಿದವರಲ್ಲಿ ಮರಳಿದ್ದು ಶೇ 78. ಯಾತನೆ ಅನುಭವಿಸಿದವರು ಆ ಔಷಧದ ಹತ್ತಿರವೇ ಸುಳಿಯಲು ಹೆದರಿದರೆ ಆಶ್ಚರ್ಯವಿಲ್ಲ. ಕೈದಿಗಳನ್ನು ನಡೆಸಿಕೊಳ್ಳುವ ಬಗ್ಗೆ ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳ 24ನೆಯ ನಿಯಮ, ಮಾದಕ ವ್ಯಸನವೂ ಸೇರಿದಂತೆ ಚಿಕಿತ್ಸೆ ಒಳಗೂ ಹೊರಗೂ ಮುಂದುವರಿಯುವಂತಿರಬೇಕು ಎನ್ನುತ್ತದೆ. ದೂರು ಅಥವಾ ಮನವಿ ಬರೆಯುವ ವಕೀಲರು ಇದನ್ನು ಗಮನಿಸಬಹುದು.

ತಿಂಗಳಿಗೊಮ್ಮೆ ಚುಚ್ಚುಮದ್ದು ಇರುವಾಗ ದಿನವೂ ಮಾತ್ರೆಯ ಗೋಜು ಏಕೆ?

ಬ್ಯೂಪ್ರೆನಾರ್ಫಿನ್ ಚುಚ್ಚುಮದ್ದಿನ ಬಗ್ಗೆ ಕೇಳುತ್ತಿದ್ದರೆ ಪ್ರಶ್ನೆ ಸರಿಯಾಗಿಯೇ ಇದೆ. ಬಿಡುಗಡೆಗೆ ಸ್ವಲ್ಪ ಮೊದಲು ಕೊಟ್ಟರೆ ಆ ಭಯಂಕರ ಎರಡು ವಾರ ದಾಟುತ್ತದೆ. ಮಾತ್ರೆ ಕಳೆದುಹೋಗುವ, ಕದ್ದುಹೋಗುವ ಚಿಂತೆಯೂ ಇಲ್ಲ.

ನ್ಯಾಲ್ಟ್ರೆಕ್ಸೋನ್ ಬಗ್ಗೆ ಸ್ವಲ್ಪ ಎಚ್ಚರ ಬೇಕು. ಓಪಿಯಾಯ್ಡ್ ಅಲ್ಲ ಎಂಬ ಒಂದೇ ಕಾರಣಕ್ಕೆ ಅಧಿಕಾರಿಗಳಿಗೆ ಇದು ಪ್ರಿಯ. ಕೆಲಸ ಮಾಡುವುದೂ ಹೌದು: ಅಮೆರಿಕದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅಪರಾಧ ಪ್ರಕರಣಗಳ ಹಿನ್ನೆಲೆಯಿದ್ದವರ ಪೈಕಿ ಇದನ್ನು ಪಡೆದವರಲ್ಲಿ ಶೇ 43 ಮಂದಿಗೆ 24 ವಾರಗಳಲ್ಲಿ ವ್ಯಸನ ಮರುಕಳಿಸಿತು, ಪಡೆಯದವರಲ್ಲಿ ಶೇ 64 ಮಂದಿಗೆ. ಆದರೆ ಚುಚ್ಚುಮದ್ದು ನಿಂತ ಮೇಲೆ ಈ ಅಂತರ ಅಳಿಸಿಹೋಯಿತು. ಮುಂದಿನ ಡೋಸ್ ತಪ್ಪಿದರೆ ತಾಳುವ ಶಕ್ತಿಯೇ ಇಲ್ಲದ ದೇಹ ಬೀದಿಯಲ್ಲಿರುತ್ತದೆ. ಅಪಘಾತವಾದರೆ ಸಾಮಾನ್ಯ ಓಪಿಯಾಯ್ಡ್ ನೋವು ನಿವಾರಕಗಳೂ ಕೆಲಸ ಮಾಡುವುದಿಲ್ಲ. ಆಸ್ಪತ್ರೆಯವರಿಗೆ ಮೊದಲೇ ಹೇಳಬೇಕು. ರೋಗಿಯೇ ತಿಳಿದು ಆರಿಸಿಕೊಂಡರೆ ನ್ಯಾಲ್ಟ್ರೆಕ್ಸೋನ್ ಒಳ್ಳೆಯ ಔಷಧ. ಬೇರೇನೂ ಕೊಡುವುದಿಲ್ಲ ಎಂದು ಅದೊಂದನ್ನೇ ಮುಂದಿಡುವುದನ್ನು ಒಪ್ಪಲಾಗದು.

ಬಿಡುಗಡೆಯ ದಿನ ಕೈಯಲ್ಲಿ ಏನೇನಿರಬೇಕು?

ಎಲ್ಲಕ್ಕಿಂತ ಮೊದಲು, ಮುಂದಿನ ಡೋಸ್ ಎಲ್ಲಿ, ಯಾವ ದಿನ, ಎಷ್ಟು ಗಂಟೆಗೆ ಎಂಬುದಕ್ಕೆ ಖಚಿತ ಉತ್ತರ. "ಹೊರಗೆ ಹೋಗಿ ಆಸ್ಪತ್ರೆಗೆ ತೋರಿಸಿ" ಎಂಬುದು ಉತ್ತರವಲ್ಲ.

ಜೊತೆಗೆ ಜೈಲಿನ ವೈದ್ಯರ ಪತ್ರ. ಅದರಲ್ಲಿ ಔಷಧದ ಹೆಸರು, ಪ್ರಮಾಣ, ಕೊನೆಯ ಡೋಸ್ ಕೊಟ್ಟ ದಿನಾಂಕ ಮತ್ತು ಸಮಯ, ಇತರ ಕಾಯಿಲೆಗಳು, ಇತರ ಔಷಧಗಳು ಇರಬೇಕು. ಈ ಪತ್ರವಿಲ್ಲದೆ ಹೊರಗಿನ ಕೇಂದ್ರದವರು ಹಳೆಯ ಡೋಸ್ ಕೊಡಲಾರರು. ಅದು ಅವರ ಹಟವಲ್ಲ. ರೋಗಿಯ ಬಾಯಿಮಾತನ್ನು ನಂಬಿ 80 ಮಿಲಿಗ್ರಾಂ ಮೆಥಡೋನ್ ಕೊಟ್ಟು, ಆತ ನಿಜವಾಗಿ ವಾರದಿಂದ ಏನೂ ತೆಗೆದುಕೊಂಡಿರದಿದ್ದರೆ ಸಾವೇ ಸಂಭವಿಸಬಹುದು. ನಿಯಮ ಅವಕಾಶ ಕೊಡುವ ಕಡೆ, ಕೇಂದ್ರ ತಲುಪುವವರೆಗೆ ಸಾಲುವಷ್ಟು ಬ್ಯೂಪ್ರೆನಾರ್ಫಿನ್ ಮಾತ್ರೆಗಳನ್ನೋ ಔಷಧ ಚೀಟಿಯನ್ನೋ ಕೇಳಿ ಪಡೆಯಬೇಕು. ನ್ಯಾಲೊಕ್ಸೋನ್ ಕಿಟ್ ಕೈಗೆ ಬರಬೇಕು. ಸ್ಕಾಟ್ಲೆಂಡ್ 2011ರಿಂದ ರಾಷ್ಟ್ರೀಯ ಕಾರ್ಯಕ್ರಮವಾಗಿಯೇ ಬಿಡುಗಡೆಯಾಗುವವರಿಗೆ ಇದನ್ನು ಕೊಡುತ್ತಿದೆ. ಗುರುತಿನ ದಾಖಲೆ ಜೈಲಿನ ಕಚೇರಿಯಲ್ಲೇ ಉಳಿದುಹೋಗದಂತೆ ನೋಡಿಕೊಳ್ಳಿ. ಅದಿಲ್ಲದೆ ಕೇಂದ್ರದಲ್ಲಿ ನೋಂದಣಿಯೇ ನಿಂತುಬಿಡಬಹುದು.

ಶಿಕ್ಷೆ ಮುಗಿಸಿ ಬರುವವರ ದಿನಾಂಕ ಮೊದಲೇ ಗೊತ್ತಿರುತ್ತದೆ. ವಿಚಾರಣಾಧೀನ ಕೈದಿಗಳದ್ದು ಹಾಗಲ್ಲ. ಬೆಳಿಗ್ಗೆ ನ್ಯಾಯಾಲಯಕ್ಕೆ ಹೋದವರು ಸಂಜೆ ಜಾಮೀನಿನ ಮೇಲೆ ರಸ್ತೆಯಲ್ಲಿರಬಹುದು. ಅಂಥವರ ಪತ್ರವನ್ನು ಮೊದಲ ದಿನವೇ ಸಿದ್ಧಪಡಿಸಿ ಆಗಾಗ ತಿದ್ದುವುದೊಂದೇ ದಾರಿ. ರಜೆಯ ಹಿಂದಿನ ಸಂಜೆ ಬಿಡುಗಡೆ ಮಾಡುವ ಪದ್ಧತಿಯಂತೂ ಕೇಂದ್ರಗಳು ಬಾಗಿಲು ಹಾಕಿದ ಹೊತ್ತಿಗೇ ಜನರನ್ನು ಹೊರಗೆ ಕಳಿಸುತ್ತದೆ. ವಕೀಲರು ಈ ಬಗ್ಗೆ ಒಂದು ಮಾತು ಕೇಳಿದರೂ ಪ್ರಯೋಜನವಾಗಬಹುದು.

ಕೆಲವು ದಿನ ಡೋಸ್ ತಪ್ಪಿದರೆ?

ತಪ್ಪಿದ್ದನ್ನು ಸೇರಿಸಿ ಒಟ್ಟಿಗೆ ತೆಗೆದುಕೊಳ್ಳಬೇಡಿ. ಮೆಥಡೋನ್ ಸತತ ಮೂರು ದಿನ ತಪ್ಪಿದರೆ ಹಳೆಯ ಪ್ರಮಾಣ ಸುರಕ್ಷಿತವಲ್ಲದಿರಬಹುದು, ಇಳಿಸಬೇಕಾಗುತ್ತದೆ. ಐದು ದಿನ ಅಥವಾ ಹೆಚ್ಚು ತಪ್ಪಿದ್ದರೆ ಸಾಮಾನ್ಯವಾಗಿ ಹೊಸದಾಗಿ, ಕಡಿಮೆಯಿಂದಲೇ ಆರಂಭ. ಕೇಂದ್ರದವರ ಬಳಿ ನಿಜ ಹೇಳಿ. ಮಧ್ಯೆ ಹೆರಾಯಿನ್ ಬಳಸಿದ್ದರೆ ಅದನ್ನೂ ಹೇಳಿ. ಬ್ಯೂಪ್ರೆನಾರ್ಫಿನ್ ಮತ್ತೆ ಆರಂಭಿಸುವ ಗಂಟೆ ಅದರ ಮೇಲೆ ನಿಂತಿದೆ.

ಕ್ಷಯದ ಮಾತ್ರೆ, ನಿದ್ರೆಯ ಮಾತ್ರೆ ಜೊತೆಗೆ ತೆಗೆದುಕೊಳ್ಳಬಹುದೇ?

ಜೈಲುಗಳಲ್ಲಿ ಕ್ಷಯ ಹೆಚ್ಚು. ಅದಕ್ಕೆ ಕೊಡುವ ರಿಫಾಂಪಿಸಿನ್, ಯಕೃತ್ತು ಮೆಥಡೋನ್ ಅನ್ನು ಬೇಗ ಕರಗಿಸುವಂತೆ ಮಾಡುತ್ತದೆ. ಡೋಸ್ ಸಾಕಾಗದೆ ಬೆವರು, ಮೈ ಕೈ ನೋವು, ನಿದ್ರಾಹೀನತೆ ಶುರುವಾದಾಗ ಸಿಬ್ಬಂದಿ ಅದನ್ನು ನಾಟಕ ಎಂದುಕೊಳ್ಳುವುದುಂಟು. ನಾಟಕವಲ್ಲ, ಡೋಸ್ ಹೆಚ್ಚಿಸಬೇಕು. ಕ್ಷಯದ ಔಷಧ ಮುಗಿದ ಮೇಲೆ ಮತ್ತೆ ಇಳಿಸಲು ಮರೆಯಬಾರದು. ಮೂರ್ಛೆ ರೋಗದ ಫೆನಿಟಾಯಿನ್, ಕಾರ್ಬಮಜೆಪಿನ್ ಮತ್ತು ಕೆಲವು ಎಚ್‌ಐವಿ ಔಷಧಗಳಿಂದಲೂ ಹೀಗಾಗುತ್ತದೆ.

ಡಯಾಜೆಪಾಂ, ಅಲ್ಪ್ರಜೋಲಾಂನಂತಹ ಮಾತ್ರೆಗಳು ಮತ್ತು ಮದ್ಯ ಬೇರೆಯೇ ಅಪಾಯ. ಓಪಿಯಾಯ್ಡ್ ಜೊತೆ ಸೇರಿದರೆ ಎರಡೂ ಉಸಿರನ್ನು ಕುಗ್ಗಿಸುತ್ತವೆ. ಆದರೆ ಇವುಗಳ ಬಳಕೆ ಇದೆ ಎಂದು ವ್ಯಸನದ ಔಷಧವನ್ನೇ ನಿರಾಕರಿಸುವುದು ಇನ್ನೂ ಅಪಾಯಕರ. ನಿಗಾ ಹೆಚ್ಚಿಸಿ ಮುಂದುವರಿಸುತ್ತಾರೆ.

ಗರ್ಭಿಣಿಯಾಗಿದ್ದರೆ?

ಮೆಥಡೋನ್ ಅಥವಾ ಬ್ಯೂಪ್ರೆನಾರ್ಫಿನ್ ಮುಂದುವರಿಸಬೇಕು. ಒಮ್ಮೆಲೇ ನಿಲ್ಲಿಸಿದರೆ ಮಗುವಿಗೂ ತೊಂದರೆ, ತಾಯಿಗೆ ಮರುಕಳಿಸುವ ಅಪಾಯವೂ ಹೆಚ್ಚು. ಹುಟ್ಟಿದ ಮಗುವಿನಲ್ಲಿ ಕೆಲವು ದಿನ ವಿತ್‌ಡ್ರಾವಲ್ ಕಾಣಬಹುದು, ಅದಕ್ಕೆ ಚಿಕಿತ್ಸೆ ಇದೆ. ಚಿಕಿತ್ಸೆಯಲ್ಲಿ ಸ್ಥಿರವಾಗಿರುವ ತಾಯಿ ಸಾಮಾನ್ಯವಾಗಿ ಎದೆಹಾಲು ಕೊಡಬಹುದು.

ಒಳಗೆ ಔಷಧ ಕೊಟ್ಟರೆ ಅದನ್ನೇ ಮಾರಿಕೊಳ್ಳುವುದಿಲ್ಲವೇ?

ಕೆಲವರು ಮಾರುತ್ತಾರೆ. ಎದುರಿಗೇ ಕರಗಿಸುವುದು, ಬಾಯಿ ಪರೀಕ್ಷಿಸುವುದು, ದ್ರವ ಅಥವಾ ಚುಚ್ಚುಮದ್ದಿನ ರೂಪ ಬಳಸುವುದು ಇದಕ್ಕೆ ಉಪಾಯಗಳು. ಇನ್ನೊಂದನ್ನು ಅಧಿಕಾರಿಗಳು ಸುಲಭವಾಗಿ ಒಪ್ಪುವುದಿಲ್ಲ: ಕದ್ದ ಮಾತ್ರೆಯನ್ನು ಕೊಳ್ಳುವವರಲ್ಲಿ ಅನೇಕರು ಚಿಕಿತ್ಸೆ ಸಿಗದೆ ಯಾತನೆ ತಾಳಲಾರದವರು. ಬೇಕಾದವರಿಗೆಲ್ಲ ಸರಿಯಾಗಿ ಸಿಕ್ಕರೆ ಆ ವ್ಯಾಪಾರ ಬಡವಾಗುತ್ತದೆ.

ಪರೋಲ್‌ನಲ್ಲಿ ಮೂತ್ರ ಪರೀಕ್ಷೆ ಮಾಡಿದರೆ ಸಿಕ್ಕಿಬೀಳುತ್ತಾರೆಯೇ?

ಅಫೀಮು, ಹೆರಾಯಿನ್ ಪತ್ತೆಯ ಸಾಮಾನ್ಯ ಪರೀಕ್ಷೆಯಲ್ಲಿ ಮೆಥಡೋನ್, ಬ್ಯೂಪ್ರೆನಾರ್ಫಿನ್ ಸಾಮಾನ್ಯವಾಗಿ ಕಾಣುವುದಿಲ್ಲ. ಅವಕ್ಕೆ ಪ್ರತ್ಯೇಕ ಪರೀಕ್ಷೆಗಳಿವೆ. ಮುಚ್ಚಿಡುವ ಬದಲು ವೈದ್ಯರ ಪತ್ರದ ಪ್ರತಿಯನ್ನು ಮೇಲ್ವಿಚಾರಣಾ ಅಧಿಕಾರಿಗೆ ಮೊದಲೇ ಕೊಟ್ಟಿಡಿ.

ಮನೆಯಲ್ಲಿ ಓವರ್‌ಡೋಸ್ ಆದರೆ ನಾವು ಏನು ಮಾಡಬೇಕು?

ಎಬ್ಬಿಸಿದರೂ ಏಳದಿರುವುದು, ಉಸಿರು ತೀರಾ ನಿಧಾನವಾಗಿರುವುದು ಅಥವಾ ಗೊರಗೊರ ಸದ್ದು, ತುಟಿ, ಉಗುರು ನೀಲಿಯಾಗುವುದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುವುದು ಇದರ ಲಕ್ಷಣಗಳು. ಗೊರಕೆ ಹೊಡೆಯುತ್ತಿದ್ದಾನೆ, ಮಲಗಲಿ ಎಂದು ಬಿಟ್ಟು ಬೆಳಿಗ್ಗೆ ಹೆಣ ಕಂಡ ಮನೆಗಳಿವೆ.

ಮೊದಲು ಆಂಬುಲೆನ್ಸ್ ಕರೆಯಿರಿ. ನ್ಯಾಲೊಕ್ಸೋನ್ ಇದ್ದರೆ ಮೂಗಿಗೆ ಸಿಂಪಡಿಸಿ ಅಥವಾ ಚುಚ್ಚಿ. ಉಸಿರಿಲ್ಲದಿದ್ದರೆ ಬಾಯಿಯಿಂದ ಉಸಿರು ಕೊಡಿ. ಎರಡು ಮೂರು ನಿಮಿಷದಲ್ಲಿ ಚೇತರಿಕೆ ಕಾಣದಿದ್ದರೆ ಇನ್ನೊಂದು ಡೋಸ್. ಉಸಿರು ಬಂದ ಮೇಲೆ ಮಗ್ಗುಲಿಗೆ ಮಲಗಿಸಿ, ವಾಂತಿ ಗಂಟಲಿಗೆ ಇಳಿಯದಿರಲಿ. ನ್ಯಾಲೊಕ್ಸೋನ್ ಪರಿಣಾಮ 30ರಿಂದ 90 ನಿಮಿಷ ಮಾತ್ರ. ಮೆಥಡೋನ್‌ನಂಥದ್ದು ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಉಳಿಯುವುದರಿಂದ ಎದ್ದು ಕುಳಿತವರು ಮತ್ತೆ ಕುಸಿಯಬಹುದು. ಆಸ್ಪತ್ರೆಗೆ ಹೋಗಲೇಬೇಕು. ಕಾರಣ ಓಪಿಯಾಯ್ಡ್ ಹೌದೋ ಅಲ್ಲವೋ ತಿಳಿಯದಿದ್ದರೂ ಕೊಡಬಹುದು.

ಮನೆಗೆ ತಂದ ಔಷಧವನ್ನು ಬೀಗದಲ್ಲಿಡಿ. ದೊಡ್ಡವರ ಒಂದು ಡೋಸ್ ಮೆಥಡೋನ್ ಮಗುವಿನ ಜೀವ ತೆಗೆಯಬಲ್ಲದು.

ಆಪ್ತಸಮಾಲೋಚನೆಗೆ ಬರುವುದಿಲ್ಲ ಎನ್ನುತ್ತಾರೆ. ಔಷಧ ನಿಲ್ಲಿಸಬೇಕೇ?

ನಿಲ್ಲಿಸಬೇಡಿ. ಸಮಾಲೋಚನೆಯಿಂದ ಅನೇಕರಿಗೆ ಅನುಕೂಲವಾಗುತ್ತದೆ. ಅದನ್ನು ಔಷಧಕ್ಕೆ ಷರತ್ತು ಮಾಡಿದರೆ ಎರಡೂ ಕೈತಪ್ಪುತ್ತವೆ.

ಎಷ್ಟು ಕಾಲ ತೆಗೆದುಕೊಳ್ಳಬೇಕು?

ಉಪಯೋಗವಾಗುತ್ತಿರುವಷ್ಟು ಕಾಲ. ಕೆಲವರಿಗೆ ಒಂದೆರಡು ವರ್ಷ, ಕೆಲವರಿಗೆ ಅದಕ್ಕಿಂತ ಬಹಳ ಹೆಚ್ಚು. ಔಷಧ ನಿಲ್ಲಿಸಿದ ನಂತರದ ವಾರಗಳಲ್ಲೂ ಸಾವಿನ ಅಪಾಯ ಏರುತ್ತದೆ. ಆದ್ದರಿಂದ ನಿಲ್ಲಿಸುವುದಿದ್ದರೆ ವೈದ್ಯರೊಡನೆ, ತಿಂಗಳುಗಟ್ಟಲೆ ನಿಧಾನವಾಗಿ. ನೆಂಟರ ಮದುವೆಗೆ ಮುಂಚೆ ಬಿಟ್ಟುಬಿಡು ಎಂಬಂಥ ಗಡುವುಗಳು ಬೇಡ.

ಔಷಧ ತೆಗೆದುಕೊಳ್ಳುತ್ತಲೇ ಮತ್ತೆ ಬಳಸಿದ್ದಾರೆ. ಈಗೇನು?

ಮೊದಲು ಡೋಸ್ ಸಾಕಾಗುತ್ತಿದೆಯೇ ಎಂದು ಕೇಳಿ. ಬಹಳ ಸಲ ಕಾರಣ ಅಷ್ಟೇ ಆಗಿರುತ್ತದೆ. ಮರುಕಳಿಸಿದ್ದಕ್ಕೆ ಶಿಕ್ಷೆಯಾಗಿ ಕೇಂದ್ರದಿಂದ ಹೆಸರು ತೆಗೆದುಹಾಕುವುದು, ಔಷಧ ಅತಿ ಹೆಚ್ಚು ಬೇಕಾದ ದಿನವೇ ಅದನ್ನು ಕಿತ್ತುಕೊಂಡಂತೆ. ಹೀಗೆ ಮಾಡುವ ಕೇಂದ್ರವಿದ್ದರೆ ಬೇರೆ ಕೇಂದ್ರ ಹುಡುಕಿ. ಬಳಸುವವರು ಒಬ್ಬರೇ ಇರುವಾಗ ಬಳಸಬಾರದು, ಹಳೆಯ ಪ್ರಮಾಣದ ಹತ್ತಿರಕ್ಕೂ ಹೋಗಬಾರದು, ನ್ಯಾಲೊಕ್ಸೋನ್ ಎಲ್ಲಿದೆ ಎಂದು ಪಕ್ಕದಲ್ಲಿರುವವರಿಗೆ ಹೇಳಿರಬೇಕು. ಇದನ್ನು ಹೇಳಿದರೆ ಬಳಕೆಗೆ ಪ್ರೋತ್ಸಾಹ ಕೊಟ್ಟಂತಾಗುತ್ತದೆ ಎಂದು ಮನೆಯವರು ಹಿಂಜರಿಯುತ್ತಾರೆ. ಹಿಂಜರಿಯದೆ ಹೇಳಿ, ಮರುದಿನ ಬೆಳಿಗ್ಗೆ ಕೇಂದ್ರಕ್ಕೆ ಜೊತೆಯಲ್ಲಿ ಹೋಗಿ.